ಹಿರಣ್ಯಕೇಶಿಯ ಮೀನು, ನಮ್ಮ ಬಾವಿಯ ಸೆಲೆ

ಕಾಮರ್ಸ್ ಓದುವ ಹುಡುಗನಿಗೂ ಮೀನಿಗೂ ಏನು ಸಂಬಂಧ ಅಂತ ನಮ್ಮ ಸಂಪಾದಕ ಮಿತ್ರರು ಕೇಳಿದರು. ಮೀನು ತಿನ್ನುವ ಮನೆತನದವನೂ ನಾನಲ್ಲ. ಆದರೆ ಸಂಬಂಧ ಇದೆ, ಅದೂ ಲೆಕ್ಕದ ಸಂಬಂಧವೇ. ನಮ್ಮ ಮನೆಯಲ್ಲಿ ಈ ವರ್ಷ ಒಂದು ಬಾವಿ ಮುಚ್ಚುವ ಮಾತು ನಡೆದಿದೆ. ಬಿ.ಕಾಂ. ಓದುತ್ತಾನೆ ಎಂಬ ಒಂದೇ ಕಾರಣಕ್ಕೆ ಅದರ ಜಮಾ-ಖರ್ಚು ತೆಗೆಯುವ ಕೆಲಸ ನನ್ನ ತಲೆಗೆ ಬಂತು. ಬರೆಯಲು ಕೂತೆ. ನಾಲ್ಕನೇ ಸಾಲಿಗೇ ಮೀನು ಅಡ್ಡ ಬಂತು.

ನಮ್ಮೂರು ಸಂಕೇಶ್ವರದ ಹತ್ತಿರ, ಹಿರಣ್ಯಕೇಶಿ ಹೊಳೆಯ ದಂಡೆಯ ಮೇಲೆ. ಪುಣೆಗೆ ಬಂದ ಮೊದಲ ವರ್ಷ ಹೊಳೆಯ ಹೆಸರು ಹೇಳಿದರೆ, ‘ಹಿರಣ್ಯಕಶಿಪುವಿನ ತಂಗಿಯೇನೋ’ ಎಂದು ಕೇಳಿದವರಿದ್ದಾರೆ. ಅಲ್ಲ. ಹಿರಣ್ಯಕೇಶಿ ಅಂದರೆ ಚಿನ್ನದ ಕೂದಲಿನವಳು, ಪಾರ್ವತಿಯ ಹೆಸರು. ಹೊಳೆ ಹುಟ್ಟುವುದು ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಅಂಬೋಲಿ ಘಟ್ಟದಲ್ಲಿ. ಆಜರಾ, ಗಡಹಿಂಗ್ಲಜ ದಾಟಿ ನಮ್ಮ ಕಡೆ ಇಳಿದು ಘಟಪ್ರಭೆಗೆ ಸೇರುತ್ತದೆ. ಘಟಪ್ರಭೆ ಗೋಕಾಕದಲ್ಲಿ ಧುಮುಕಿ ಮುಂದೆ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ಅಂಬೋಲಿಯ ನೆತ್ತಿಯಿಂದ ಪಡುವಣ ಸಮುದ್ರ ಕೂಗಳತೆಯಲ್ಲಿದ್ದಂತೆ ಕಾಣುತ್ತದೆ. ಅದನ್ನು ಬಿಟ್ಟು ಈ ನೀರು ಬೆನ್ನು ತಿರುಗಿಸಿ ಮೂಡಣ ದಿಕ್ಕಿಗೆ ಅಷ್ಟು ದೂರ ನಡೆಯುತ್ತದೆ. ಅದರ ದಾರಿಯಲ್ಲಿ ನಾವು ಸಿಕ್ಕೆವು ಅನ್ನೋದು ನಮ್ಮ ಪುಣ್ಯ.

ಸಾಲಿಯಲ್ಲಿ ನಾವು ಓದಿದ್ದು ಇಷ್ಟೇ. ನದಿ, ಉಗಮ, ಉಪನದಿ, ಸಂಗಮ. ನಕಾಶೆಯಲ್ಲಿ ನೀಲಿ ಗೆರೆ. ಉಗಮ ಎಂದರೆ ಒಂದು ಚುಕ್ಕೆ. ಆ ಚುಕ್ಕೆಯಲ್ಲಿ ಏನಿರುತ್ತದೆ ಅಂತ ಮಾಸ್ತರರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ನೀರು ತಾನಾಗಿ ಹೊರಬರುವುದಕ್ಕೆ ಕನ್ನಡದಲ್ಲಿ ಎಷ್ಟು ಮಾತುಗಳಿವೆ ನೋಡಿ. ಒರತೆ, ಸೆಲೆ, ಊಟೆ, ಬುಗ್ಗೆ, ಚಿಲುಮೆ. ನಮ್ಮ ಕಡೆ ಹಳ್ಳದ ಉಸುಕಿನಲ್ಲಿ ಕೈಯಿಂದ ತೋಡಿದ ತಗ್ಗಿಗೆ ವರತಿ ಅನ್ನುತ್ತಾರೆ. ತೋಡಿ ಸ್ವಲ್ಪ ಹೊತ್ತು ಸುಮ್ಮನೆ ಕೂಡಬೇಕು. ಮೊದಲು ರಾಡಿ ನೀರು ಬರುತ್ತದೆ, ಅದನ್ನು ಚೆಲ್ಲಬೇಕು, ಆಮೇಲೆ ತಿಳಿ ಬರುತ್ತದೆ. ಬಾವಿಯ ಗೋಡೆಯಿಂದ ಬರುವುದು ಸೆಲೆ. ಇಷ್ಟು ಹೆಸರಿಟ್ಟವರು ಈ ನೀರನ್ನು ಪುಸ್ತಕದಲ್ಲಿ ಓದಿ ಹೆಸರಿಟ್ಟಿರಲಿಕ್ಕಿಲ್ಲ. ಮಂಡಿಯೂರಿ ಕೂತು ಕಾದವರೇ ಇರಬೇಕು. ನನ್ನ ಅಕೌಂಟೆನ್ಸಿ ಪುಸ್ತಕದಲ್ಲಿ ಇದಕ್ಕೆ ಒಂದೂ ಹೆಸರಿಲ್ಲ. ಹೊಲದ ಉತಾರದಲ್ಲಿ ‘ಬಾವಿ’ ಅಂತ ನಮೂದಿದೆ, ಸೆಲೆ ಅಂತ ಇಲ್ಲ.

ನಮ್ಮ ಬಾವಿ ಅಜ್ಜನ ಅಪ್ಪ ತೋಡಿಸಿದ್ದು. ಮೂವತ್ತೈದು ಅಡಿ ಆಳ, ಒಂದು ಮಗ್ಗುಲಿಗೆ ಪಾವಟಿಗೆ. ಮೊದಲು ಎತ್ತು ಕಟ್ಟಿ ಕಪಲಿ ಹೊಡೆಯುತ್ತಿದ್ದರಂತೆ, ಆಮೇಲೆ ಎಂಜಿನ್ ಬಂತು, ಆಮೇಲೆ ಕರೆಂಟಿನ ಮೋಟರು. ಮೂಡಣ ಗೋಡೆಯಲ್ಲಿ, ಕೆಳಗಿನಿಂದ ಒಂದಾಳೆತ್ತರಕ್ಕೆ, ಕರಿಕಲ್ಲಿನ ಸೀಳಿನಿಂದ ಸೆಲೆ ಬರುತ್ತದೆ. ಬೇಸಿಗೆಯಲ್ಲಿ ನೀರು ಕೆಳಗಿಳಿದಾಗ ಅದು ಕಾಣಿಸುತ್ತದೆ, ಮೊದಲು ಕೇಳಿಸುತ್ತದೆ. ಚಳಿಗಾಲದಲ್ಲಿ ಆ ನೀರು ಬೆಚ್ಚಗೆ, ಬೇಸಿಗೆಯಲ್ಲಿ ತಣ್ಣಗೆ. ಅದು ದೇವರ ಪವಾಡ ಅಂತ ನಮ್ಮವ್ವ ನಂಬಿದ್ದಾಳೆ. ವಾಸ್ತವದಲ್ಲಿ ನೀರಿನ ಬಿಸಿ ಹೆಚ್ಚು ಕಡಿಮೆ ಆಗುವುದೇ ಇಲ್ಲ, ವರ್ಷವಿಡೀ ಒಂದೇ. ಹೆಚ್ಚು ಕಡಿಮೆ ಆಗುವುದು ನಮ್ಮ ಮೈಗೆ ತಾಗುವ ಗಾಳಿ. ಇದನ್ನು ಹೇಳಿದರೆ ಅವ್ವ ‘ಅದನ್ನೂ ಅವನೇ ಮಾಡ್ಯಾನಲ್ಲಪಾ’ ಅಂತಾಳೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಬಾವಿಯಲ್ಲಿ ಮೀನುಗಳಿದ್ದವು. ಬೆರಳುದ್ದದವು, ಬೆನ್ನು ಬೂದಿ ಬಣ್ಣ, ಹೊಟ್ಟೆ ಬೆಳ್ಳಿ. ಅವುಗಳಿಗೆ ಅಜ್ಜನ ಬಾಯಲ್ಲಿ ಬೇರೆ ಹೆಸರಿರಲಿಲ್ಲ, ‘ನಮ್ಮ ಬಾಂವಿ ಮೀನಾ’ ಅಷ್ಟೇ. ಹಿಡಿಯಲು ಬಿಡುತ್ತಿರಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಮೊದಲು ರೊಟ್ಟಿಯ ಒಂದು ಚೂರು ನೀರಿಗೆ. ಮೀನು ಮೇಲೆ ಬಂದು ಬಾಯಿ ಹಾಕಿದ ಮೇಲೆ ಕೊಡ ಮುಳುಗಿಸಬೇಕು. ‘ಮೀನಾ ಆಡಾಕತ್ತಾವಂದ್ರ ನೀರು ಕುಡಿಯಾಕ ಅಡ್ಡಿಯಿಲ್ಲ’ ಅನ್ನುತ್ತಿದ್ದ.

2018ರ ಬೇಸಿಗೆಯಲ್ಲಿ ಒಂದು ಮುಂಜಾನೆ ಮೀನು ಮೇಲೆ ಬರಲಿಲ್ಲ. ಆಗಲೇ ಮೇಲಿದ್ದವು, ಹೊಟ್ಟೆ ಮೇಲೆ ಮಾಡಿ. ಪಕ್ಕದ ಹೊಲದವರು ಕಬ್ಬಿಗೆ ಎಣ್ಣೆ ಹೊಡೆದ ಪಂಪನ್ನು ಸಂಜೆ ನಮ್ಮ ಬಾವಿಯಲ್ಲಿ ತೊಳೆದು ಹೋಗಿದ್ದರು. (ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಅಂತಲೇ ಹೆಸರು. ಎಷ್ಟು ಮೆತ್ತಗಿನ ಮಾತು!) ಆ ದಿನ ನಮ್ಮ ಹೊಲದಲ್ಲಿ ಹತ್ತು ಹನ್ನೆರಡು ಹೆಣ್ಣಾಳು ಕಳೆ ತೆಗೆಯಲು ಬಂದಿದ್ದರು. ಎಲ್ಲರೂ ಕುಡಿಯುತ್ತಿದ್ದುದು ಅದೇ ನೀರು. ಅಜ್ಜ ಪಾವಟಿಗೆಯ ಮೇಲೆ ನಿಂತು ಕೂಗಿದ್ದು ಈಗಲೂ ನನ್ನ ಕಿವಿಯಲ್ಲಿದೆ: ‘ಯಾರೂ ನೀರು ಮುಟ್ಟಬ್ಯಾಡ್ರಿ!’ ಮೋಟರು ಹಚ್ಚಿ ಎರಡು ದಿನ ಬಾವಿ ಬರಿದು ಮಾಡಿ, ಸೆಲೆ ತುಂಬಿದ ಮೇಲೆ ಮತ್ತೆ ಬರಿದು ಮಾಡಿ, ಆ ಇಡೀ ಬೇಸಿಗೆ ಊರಿನ ನಳದ ನೀರನ್ನೇ ಹೊತ್ತು ತಂದೆವು. ಸತ್ತ ಮೀನುಗಳನ್ನು ಅಜ್ಜ ಬುಟ್ಟಿಯಲ್ಲಿ ಆಯ್ದು ಬದುವಿನಲ್ಲಿ ಹುಗಿದ. ಎಣಿಸಲಿಲ್ಲ. ನಾನು ಎಣಿಸಿದ್ದೆ, 61.

ಮೀನು ಬದುಕಿದ ನೀರೆಲ್ಲ ಶುದ್ಧ ಅಂತಲ್ಲ. ಕಾಲರಾದ ಹುಳು ಇದ್ದರೂ ಮೀನಿಗೆ ಅದರ ಗೊಡವೆಯಿಲ್ಲ. ಆದರೆ ಈ ಎಣ್ಣೆಯ ಜಾತಿಯ ವಿಷ ನಮಗಿಂತ ಎಷ್ಟೋ ಮೊದಲು ಮೀನಿಗೆ ತಟ್ಟುತ್ತದೆ. ಅಜ್ಜನ ಪರೀಕ್ಷೆ ಅರ್ಧ ಸರಿ. ಆ ದಿನ ಬೇಕಾಗಿದ್ದದ್ದು ಆ ಅರ್ಧವೇ.

ಮರುವರ್ಷ, 2019ರ ಆಗಸ್ಟಿನಲ್ಲಿ, ಮಹಾಪೂರ ಬಂತು. ಪುಣೆ-ಬೆಂಗಳೂರು ಹೆದ್ದಾರಿ ಕೊಲ್ಲಾಪುರದ ಬಳಿ ದಿನಗಟ್ಟಲೆ ಬಂದಾಗಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ನಮ್ಮ ಹೊಲ, ಬಾವಿ ಎಲ್ಲ ಒಂದೇ ನೀರಾಯಿತು. ಇಳಿದ ಮೇಲೆ ನೋಡಿದರೆ ಬಾವಿಯಲ್ಲಿ ಅರ್ಧದಷ್ಟು ಹೂಳು. ತೆಗೆಸಲು 18,000 ರೂಪಾಯಿ ಖರ್ಚಾಯಿತು (ಈ ಅಂಕಿ ಈಗ ನನ್ನ ಲೆಕ್ಕದಲ್ಲಿ ಬಂದಿದೆ). ಸೆಲೆಯ ಸೀಳು ತೊಳೆದು ಬಿಟ್ಟಾಗ ತಿಳಿನೀರು ಬಂತು. ದೀಪಾವಳಿಯ ಹೊತ್ತಿಗೆ ಅದರಲ್ಲಿ ಮೀನೂ ಇದ್ದವು.

ಎಲ್ಲಿಂದ ಬಂದವು? ಅಜ್ಜನ ಮಾತು: ‘ಸೆಲಿಯೊಳಗಿಂದ ಬರ್ತಾವ. ಒಳಗ ನೀರಿನ ಹಾದಿ ಐತಿ, ಹಾದಿಯಾಗ ಅವು ಅದಾವ.’ ನಮ್ಮ ವಿಜ್ಞಾನದ ಮಾಸ್ತರರು, ಹೊಳೆಯ ನೀರಿನ ಜೊತೆ ಬಂದ ಮರಿಗಳೇ ಉಳಿದಿವೆ, ಕಲ್ಲಿನೊಳಗೆ ಮೀನು ಇರುವುದು ಕತೆಯಲ್ಲಿ ಮಾತ್ರ ಅಂದರು. ನನಗೆ ಮಾಸ್ತರರ ಮಾತು ಸರಿ ಕಂಡಿತು, ಅಜ್ಜನ ಮಾತು ಚೆಂದ ಕಂಡಿತು. ಎರಡನ್ನೂ ಇಟ್ಟುಕೊಂಡೆ. ಅಜ್ಜ 2022ರಲ್ಲಿ ತೀರಿಕೊಂಡ.

ಪುಣೆಗೆ ಬಂದ ಮೇಲೆ, ಕಾಲೇಜಿನ ವಾಚನಾಲಯದಲ್ಲಿ, ಓದಬೇಕಾದ್ದನ್ನು ಬಿಟ್ಟು ಬೇರೆಲ್ಲ ಓದುವ ನನ್ನ ಚಟದಿಂದ ಒಂದು ಸಂಗತಿ ತಿಳಿಯಿತು. ಮುಂಬಯಿಯ ಜೋಗೇಶ್ವರಿ ಗೊತ್ತಲ್ಲ? ನಮ್ಮ ಮುಂಬಯಿ ಕನ್ನಡಿಗ ಮಿತ್ರರು ಲೋಕಲ್ ಗಾಡಿಯ ಬಾಗಿಲಿಗೆ ಜೋತುಬಿದ್ದು ನೂರು ಸಲ ದಾಟಿದ ಊರು. ಅಲ್ಲಿನ ಒಂದು ಅಂಧರ ಶಾಲೆಯ ಆವರಣದಲ್ಲಿ 40 ಅಡಿ ಆಳದ ಬಾವಿ. ಅದರಲ್ಲಿ 2019ರಲ್ಲಿ ಹಾವಿನಂಥ ಒಂದು ಕೆಂಪು ಮೀನು ಸಿಕ್ಕಿತು. ಕಣ್ಣಿಲ್ಲ, ರೆಕ್ಕೆಯಿಲ್ಲ, ಹುರುಪೆಯಿಲ್ಲ. ಲೋಕಕ್ಕೇ ಹೊಸ ಜಾತಿ. 2021ರಲ್ಲಿ ಮುಂಬಾ ಆಯಿಯ ಹೆಸರನ್ನೇ ಅದಕ್ಕಿಟ್ಟರು, ರಕ್ತಮಿಕ್ತಿಸ್ ಮುಂಬಾ ಅಂತ. ಅಂಧರ ಶಾಲೆಯ ಬಾವಿಯಲ್ಲಿ ಕುರುಡು ಮೀನು! ಕತೆಗಾರನೊಬ್ಬ ಹೀಗೆ ಬರೆದಿದ್ದರೆ ‘ಅತಿಯಾಯ್ತು’ ಅಂತ ನಮ್ಮ ಸಂಪಾದಕರು ಖಂಡಿತ ಹೊಡೆದುಹಾಕುತ್ತಿದ್ದರು.

ಕೇರಳದಲ್ಲಂತೂ ಇದು ಇನ್ನೂ ಹಳೆಯ ಸುದ್ದಿ. ಕೋಟ್ಟಯಂ ಕಡೆಯ ಬಾವಿಗಳಲ್ಲಿ ಸಿಕ್ಕ ಕುರುಡು ಮೀನೊಂದನ್ನು ವಿಜ್ಞಾನಿಗಳು 1950ರಲ್ಲೇ ವರ್ಣಿಸಿದ್ದಾರೆ. 2018ರ ಮಹಾಪೂರದ ನಂತರ ನೆಲದೊಳಗಿನ ಇನ್ನೊಂದು ಮೀನು ಗದ್ದೆಯಲ್ಲಿ ಬಂದು ಬಿತ್ತು. 2022ರಲ್ಲಿ ಹೆಸರು ಪಡೆದ ಮತ್ತೊಂದು ಮೀನು ಮೊದಲು ಕಂಡದ್ದು ಯಾರೋ ಸ್ನಾನಕ್ಕೆ ತುಂಬಿದ ಬಾವಿನೀರಿನ ಬಕೆಟ್ಟಿನಲ್ಲಿ. ಅದರ ಹೆಸರೇ ಪಾತಾಳ. ಅಲ್ಲಿ ಜಂಬಿಟ್ಟಿಗೆ ಕಲ್ಲು. ಒಳಗೆಲ್ಲ ತೂತು, ತೂತಿನಲ್ಲೆಲ್ಲ ನೀರು. ಬಾವಿ ಎಂದರೆ ಆ ಕತ್ತಲೆಯ ಮನೆಗೆ ನಾವು ಕೊರೆದ ಒಂದು ಕಿಟಕಿ ಅಷ್ಟೇ.

ಹಾಗಂತ ನಮ್ಮ ಬಾವಿಯ ಮೀನು ಪಾತಾಳದಿಂದ ಬಂದವು ಅಂತ ನಾನು ಹೇಳುವುದಿಲ್ಲ. ಅವಕ್ಕೆ ಕಣ್ಣಿದ್ದವು, ಬಣ್ಣವಿತ್ತು. ಬೆಳಕಿನ ಮೀನುಗಳು ಅವು. ಹೊಳೆಯಿಂದಲೇ ಬಂದಿರಬೇಕು. ಆದರೆ ಕಲ್ಲಿನೊಳಗೆ ಮೀನು ಇರುವುದು ಕತೆಯಲ್ಲಿ ಮಾತ್ರ ಎಂಬ ಮಾತು ಬಿತ್ತು. ಅಜ್ಜ ಇದ್ದಿದ್ದರೆ ಜೋಗೇಶ್ವರಿಯ ಸುದ್ದಿ ಓದಿ ಹೇಳುತ್ತಿದ್ದೆ.

ಹೀಗೆ ಓದುತ್ತ ಹೋದಾಗಲೇ ನಮ್ಮ ಹೊಳೆಯ ಹೆಸರು ಕಣ್ಣಿಗೆ ಬಿತ್ತು. ಸ್ಕಿಸ್ಟುರಾ ಹಿರಣ್ಯಕೇಶಿ. ಅಂಬೋಲಿಯಲ್ಲಿ, ಹೊಳೆ ಹುಟ್ಟುವ ಮಹಾದೇವ ಗುಡಿಯ ನೀರಿನಲ್ಲಿ ಸಿಕ್ಕ ಚಿಕ್ಕ ಮೀನು. 2020ರಲ್ಲಿ ಪ್ರವೀಣರಾಜ್, ತೇಜಸ್ ಠಾಕರೆ, ಬಾಲಸುಬ್ರಮಣಿಯನ್ ಎಂಬ ಮೂವರು ಇದು ಹೊಸ ಜಾತಿ ಎಂದು ತೋರಿಸಿ ನದಿಯ ಹೆಸರಿಟ್ಟರು. ಎಷ್ಟೋ ತಲೆಮಾರಿನ ಭಕ್ತರು ಕಾಲು ತೊಳೆದ ನೀರು ಅದು. ಮೀನು ಅಲ್ಲೇ ಇತ್ತು, ಎಲ್ಲರ ಕಾಲ ಬುಡದಲ್ಲಿ. ಹೆಸರಿರಲಿಲ್ಲ.

ನೋಡಲೇಬೇಕು ಅನ್ನಿಸಿತು. ಕಳೆದ ಡಿಸೆಂಬರಿನಲ್ಲಿ ಪರೀಕ್ಷೆ ಮುಗಿಸಿ ಊರಿಗೆ ಹೋದಾಗ ಹಾಸ್ಟೆಲಿನ ಗೆಳೆಯನೊಬ್ಬ ಜೊತೆಗೆ ಬಂದ. ಮಂಗಳೂರು ಕಡೆಯವನು, ಸಮುದ್ರದ ಮೀನಿನಲ್ಲಿ ಪಂಡಿತ, ಮರಾಠಿಯಲ್ಲಿ ಇನ್ನೂ ಶಿಶುವಿಹಾರ. ಸಂಕೇಶ್ವರದಿಂದ ಕೆಂಪು ಎಸ್.ಟಿ. ಬಸ್ಸು ಹಿಡಿದೆವು. ಗಡಹಿಂಗ್ಲಜ, ಆಜರಾ, ಹೊಳೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ನಮ್ಮೂರಲ್ಲಿ ಅದು ಕೆಸರು ಬಣ್ಣದ ಅಗಲ ಹೊಳೆ, ಕೊಲ್ಲಾಪುರ ಮಾದರಿಯ ಬಂಧಾರಗಳ ಹಿಂದೆ ನಿಂತ ನೀರು, ಅಲ್ಲಲ್ಲಿ ಊರುಗಳ ಚರಂಡಿ ಬಂದು ಕೂಡಿದ ನೀರು. ಮೇಲೆ ಹೋದ ಹಾಗೆ ಕಿರಿದಾಗುತ್ತ, ತಿಳಿಯಾಗುತ್ತ ಹೋಯಿತು. ಸಿನಿಮಾ ರೀಲು ಹಿಂದಕ್ಕೆ ಓಡಿಸಿದಂತೆ.

ಅಂಬೋಲಿಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಮಳೆ. ನಮ್ಮಲ್ಲಿ ಅದರ ಹತ್ತರಲ್ಲೊಂದು ಪಾಲು ಬಿದ್ದರೆ ಆ ವರ್ಷ ಹಬ್ಬ. ಗುಡಿ ಇರುವುದು ಕಾಡಿನ ಅಂಚಿನಲ್ಲಿ. ಗುಡಿಯ ಹಿಂದೆ ಬಂಡೆಯ ಕೆಳಗೊಂದು ಗವಿ, ಗವಿಯಿಂದ ನೀರು, ಗುಡಿಯೊಳಗಿಂದಲೇ ಹಾದು ಮುಂದಿನ ಕುಂಡಕ್ಕೆ, ಅಲ್ಲಿಂದ ಕಲ್ಲುಗಳ ನಡುವೆ ಸಣ್ಣ ಹರಿವಾಗಿ ಹೊರಗೆ. ಇಷ್ಟೇ. ಒಂದು ಹೆಜ್ಜೆಯಲ್ಲಿ ದಾಟಿದೆ. 2019ರಲ್ಲಿ ನಮ್ಮ ಬಾವಿಯನ್ನು ನುಂಗಿದ ಹೊಳೆಯನ್ನು ಒಂದು ಹೆಜ್ಜೆಯಲ್ಲಿ ದಾಟಿದೆನಲ್ಲ ಅಂತ ಮತ್ತೆ ಹಿಂದೆ ಬಂದು ಇನ್ನೊಮ್ಮೆ ದಾಟಿದೆ.

ಹೊರಗೆ ಹೂವು ತೆಂಗಿನಕಾಯಿ ಮಾರುವ ಅಜ್ಜಿಯನ್ನು ಮೀನಿನ ಬಗ್ಗೆ ಗೆಳೆಯ ಹಿಂದಿಯಲ್ಲಿ ಕೇಳಿದ. ಅಜ್ಜಿ ಕುಂಡದ ಕಡೆ ಕೈ ತೋರಿಸಿ ಮರಾಠಿಯಲ್ಲಿ, ‘ತೊ ಖಾಲೀ ಅಸತೊ’ ಅಂದಳು. ಗೆಳೆಯನ ಮುಖ ಇಳಿಯಿತು. ‘ಖಾಲಿ ಅಂತೆ ಮಾರಾಯ, ಹೋಗುವ. ಇಷ್ಟು ದೂರ ಬಂದದ್ದು ದಂಡ’ ಅಂತ ತಿರುಗಿಯೇ ಬಿಟ್ಟ. ಮರಾಠಿಯಲ್ಲಿ ಖಾಲೀ ಅಂದರೆ ಕೆಳಗೆ. ಅದು ತಳದಲ್ಲಿರುತ್ತದಪ್ಪ ಅಂತ ಅಜ್ಜಿ ಹೇಳಿದ್ದು. ಈ ಕತೆ ಈಗ ನಮ್ಮ ಹಾಸ್ಟೆಲಿನಲ್ಲಿ ಮೆಸ್ಸಿನ ಡಬರಿಯ ತನಕ ಹಬ್ಬಿದೆ. ಅನ್ನ ಖಾಲಿಯಾದರೆ ‘ಕೆಳಗಿರಬಹುದು ನೋಡು’ ಅಂತಾರೆ.

ಮಕ್ಕಳು ಚುರಮುರಿ ಎಸೆಯುತ್ತಿದ್ದರು. ಬೇರೆ ಸಣ್ಣ ಮೀನುಗಳು ಮೇಲೆ ಬಂದು ಮುಗಿಬಿದ್ದವು. ನಮ್ಮದು ಬರಲಿಲ್ಲ. ಇದು ಮೇಲೆ ಬಂದು ಬೇಡುವ ಜಾತಿಯಲ್ಲ. ಕಲ್ಲಿನ ಸಂದಿಯಲ್ಲಿ, ತಳಕ್ಕೆ ಹೊಟ್ಟೆ ಹಚ್ಚಿಕೊಂಡು ಇರುವಂಥದ್ದು. ನಾವು ಕುಂಡದಿಂದ ಹೊರಗೆ ಹರಿಯುವ ಕಡೆ ಹೋಗಿ ಕಲ್ಲಿನ ಮೇಲೆ ಬೋರಲು ಮಲಗಿದೆವು. ನೀರು ಇದೆಯೋ ಇಲ್ಲವೋ ಅನ್ನುವಷ್ಟು ತಿಳಿ. ಅರ್ಧ ತಾಸು ಕಲ್ಲು, ಒಣ ಎಲೆ, ನಮ್ಮ ಮುಖ, ಇಷ್ಟೇ ಕಂಡವು. ಆಮೇಲೆ ಕಲ್ಲಿನ ಒಂದು ಪಟ್ಟೆ ಸರಿಯಿತು. ಕಲ್ಲಲ್ಲ, ಮೀನು. ಮೈಮೇಲೆ ಅಡ್ಡ ಪಟ್ಟೆ, ಬಾಯಿಯ ಸುತ್ತ ಮೂರು ಜೊತೆ ಮೀಸೆ, ಉದ್ದ ನನ್ನ ಕಿರುಬೆರಳಿಗಿಂತ ಕಡಿಮೆ. ಹರಿವಿಗೆ ಎದುರಾಗಿ ಮುಖ ಮಾಡಿ, ಅಲುಗದೆ, ಸುಮ್ಮನೆ ಇತ್ತು. ಹರಿವಿನಲ್ಲಿ ಸುಮ್ಮನೆ ಇರುವುದೇ ಅದರ ಕೆಲಸ ಅಂತ ಕಾಣುತ್ತದೆ. ಒಂದು ನೊಣ ಬಿದ್ದಷ್ಟು ಹೊತ್ತಿನಲ್ಲಿ ಮಾಯ.

ಗೆಳೆಯ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಇಷ್ಟು ಚಂದದ ನೀರು. ಆದ್ರೆ ತಿನ್ಲಿಕ್ಕೆ ಏನುಂಟು ಅದರಲ್ಲಿ, ಪಾಪ’ ಅಂದ. ಅವನ ಮಾತು ಸರಿಯೇ. ಕಲ್ಲು ಮಣ್ಣುಗಳಲ್ಲಿ ಸೋಸಿ ಬಂದ ನೀರಿನಲ್ಲಿ ಕೆಸರಿಲ್ಲ; ಸಾರವೂ ಕಡಿಮೆ, ಹಾಗಾಗಿ ಪಾಚಿ ಹಬ್ಬುವುದಿಲ್ಲ. ನಾವು ತಿಳಿ ಎಂದು ಹೊಗಳುವ ನೀರು ಮೀನಿನ ಕಣ್ಣಿಗೆ ಬಡವರ ಮನೆ. ಕಲ್ಲಿನಡಿಯ ಹುಳುಹುಪ್ಪಟೆ ಸಿಕ್ಕಷ್ಟೇ ಊಟ. ಅಂಥಲ್ಲಿ ಇರುವವು ಸಣ್ಣವಾಗಿ, ಸ್ವಲ್ಪದರಲ್ಲಿ, ಸ್ವಲ್ಪ ಜಾಗದಲ್ಲಿ ಬದುಕುವುದನ್ನು ಕಲಿತಿರುತ್ತವೆ. ಪ್ರತಿಯಾಗಿ ನೀರು ಅವಕ್ಕೆ ಕೊಡುವ ಭರವಸೆ ಒಂದೇ: ನಾಳೆಯೂ ಹೀಗೇ ಇರುತ್ತೇನೆ, ಇಷ್ಟೇ ತಂಪು, ಇಷ್ಟೇ ತಿಳಿ. ಆ ಭರವಸೆ ತಪ್ಪಿದರೆ ಅವು ಬೇರೆಲ್ಲೂ ಹೋಗಲಾರವು. ಹೊಳೆಯ ದೊಡ್ಡ ಮೀನಿಗೆ ನೂರು ಊರು. ಇದನ್ನು ವಿಜ್ಞಾನಿಗಳು ಗುರುತಿಸಿ ಬರೆದದ್ದು ಈ ಒಂದು ವಿಳಾಸದಿಂದ.

ವಾಪಸು ಬಂದ ಮೇಲೆ ಹಾಸ್ಟೆಲಿನಲ್ಲಿ ಭೂಗರ್ಭಶಾಸ್ತ್ರದ ಹುಡುಗನೊಬ್ಬನನ್ನು ಕೇಳಿದೆ, ಮಳೆ ನಿಂತು ತಿಂಗಳುಗಳಾದರೂ ಗವಿಯಿಂದ ನೀರು ಹೇಗೆ ಬರುತ್ತದೆ ಅಂತ. ಅವನು ಸ್ಟೀಲ್ ತಟ್ಟೆಯಲ್ಲಿ ಒಂದು ಪಾವ್ ಇಟ್ಟು ಅದರ ಮೇಲೆ ನನ್ನ ಚಹಾ ಸುರಿದ. (ಅವನ ಚಹಾ ಸುರಿಯಬಹುದಿತ್ತು.) ಪಾವ್ ಎಲ್ಲವನ್ನೂ ಕುಡಿಯಿತು. ಸ್ವಲ್ಪ ಹೊತ್ತಿಗೆ ಪಾವೂ ತಟ್ಟೆಯೂ ಸೇರುವ ಅಂಚಿನಿಂದ ಚಹಾ ಒಸರತೊಡಗಿತು. ‘ಪಾವ್ ಅಂದರೆ ಮೇಲಿನ ಜಂಬಿಟ್ಟಿಗೆ, ತಟ್ಟೆ ಅಂದರೆ ಕೆಳಗಿನ ಕರಿಕಲ್ಲು. ಈ ಅಂಚೇ ನಿನ್ನ ಹಿರಣ್ಯಕೇಶಿ’ ಅಂದ. ಮೂರು ವರ್ಷದ ಭೂಗೋಳ ಒಂದು ಪಾವಿನಲ್ಲಿ ತಿಳಿಯಿತು. ಗುಡ್ಡದ ಮೇಲೆ ಕಾಡು ಕಡಿದು ನೆಲ ಗಟ್ಟಿಮಾಡಿದರೆ, ಕಟ್ಟಡ ಕಟ್ಟಿದರೆ, ಪಾವಿನ ಮೇಲೆ ಪ್ಲಾಸ್ಟಿಕ್ ಹೊದಿಸಿದ ಹಾಗೆ. ಚಹಾ ಮೇಲಿಂದ ಮೇಲೆಯೇ ಹರಿದು ಹೋಗುತ್ತದೆ. ಮಳೆಗಾಲದಲ್ಲಿ ಪೂರ, ಬೇಸಿಗೆಯಲ್ಲಿ ಒಣಗು.

2021ರಲ್ಲಿ ಮಹಾರಾಷ್ಟ್ರ ಸರಕಾರ ಅಂಬೋಲಿಯ ಆ ಜಾಗವನ್ನು, 2 ಹೆಕ್ಟೇರಿಗಿಂತ ತುಸು ಹೆಚ್ಚಿನ ನೆಲವನ್ನು, ಜೀವವೈವಿಧ್ಯ ಪಾರಂಪರಿಕ ತಾಣವೆಂದು ಸಾರಿತು. ದೇಶದಲ್ಲಿ ಇಂಥ ಮೊದಲ ತಾಣ ನಮ್ಮ ಕರ್ನಾಟಕದ್ದೇ, 2007ರಲ್ಲಿ ಸಾರಿದ ನಲ್ಲೂರಿನ ಹುಣಸೆ ತೋಪು. ಒಂದು ಹುಣಸೆ ತೋಪಿಗೆ, ಒಂದು ಕಿರುಬೆರಳಿನ ಮೀನಿಗೆ ಸರಕಾರ ಕಾಗದ ಬರೆದುಕೊಟ್ಟಿತು ಅನ್ನುವುದು ನನಗೆ ಸಂತೋಷದ ಸಂಗತಿ. ಮೀನನ್ನು ಗುರುತಿಸಿದವರಲ್ಲಿ ಒಬ್ಬರ ತಂದೆ ಆಗ ಮುಖ್ಯಮಂತ್ರಿಯಾಗಿದ್ದದ್ದು ಮೀನಿನ ಅದೃಷ್ಟವಿರಬೇಕು. ಎಲ್ಲ ಮೀನಿಗೂ ಅದು ಸಿಗುವುದಿಲ್ಲ. ಕಾಗದವೊಂದೇ ಸಾಕೆಂದಲ್ಲ. ಯಾರೋ ಒಳ್ಳೆಯ ಮನಸ್ಸಿನಿಂದ, ಸೊಳ್ಳೆ ಮರಿ ತಿನ್ನಲಿ ಅಂತ, ಗಪ್ಪಿ ಗ್ಯಾಂಬೂಸಿಯಾ ಮೀನು ತಂದು ಆ ಕುಂಡಕ್ಕೆ ಬಿಟ್ಟರೆ ಸಾಕು. ಗ್ಯಾಂಬೂಸಿಯಾ ಬೇರೆ ಮೀನಿನ ಮೊಟ್ಟೆ ಮರಿಗಳನ್ನೂ ಬಿಡುವುದಿಲ್ಲ. ಬಟ್ಟೆ ತೊಳೆಯುವ ಸೋಪು ಸಾಕು. ನಮ್ಮ ಬಾವಿಗೆ ಸಾಕಾಗಿದ್ದು ಒಂದು ಪಂಪು.

ಈಗ ಲೆಕ್ಕಕ್ಕೆ ಬರುತ್ತೇನೆ. ಹೋದ ವರ್ಷ ಮನೆಯಲ್ಲಿ ವಾಟಣಿ ಆಯಿತು. ಹೊಲ ಮೂರು ಪಾಲು: ಅಪ್ಪನದು, ಕಾಕಾನದು, ಅತ್ತೆಯದು. ಬಾವಿ ಮೂವರಿಗೂ ಕೂಡಿ. ಕಾಕಾ ತನ್ನ ಪಾಲಿನಲ್ಲಿ ಬೋರು ಹಾಕಿಸಿದ್ದಾನೆ. ಬಾವಿಯ ಸುತ್ತಲಿನ ಜಾಗ ರಸ್ತೆಗೆ ಹತ್ತಿರ. ಮುಚ್ಚಿದರೆ ಮೂರು ಗುಂಟೆ ಸಿಗುತ್ತದೆ, ಮಗನಿಗೆ ಮನೆ ಕಟ್ಟಬೇಕು. ಕಾಕಾ ಕೆಟ್ಟವನಲ್ಲ. ಮಗನ ಮದುವೆಗೆ ಹೆಣ್ಣಿನ ಕಡೆಯವರು ಮೊದಲು ಕೇಳುವುದೇ ಬ್ಯಾರೆ ಮನಿ ಐತೇನ್ರಿ ಅಂತ. ‘ಉಪಯೋಗ ಇಲ್ಲದ ತಗ್ಗು ಅದು, ತಮ್ಮಾ. ನೀ ಲೆಕ್ಕ ಕಲತಾಂವ. ಎಷ್ಟು ಬಾಳೂದು, ಎಷ್ಟು ಖರ್ಚು, ಬರದು ಕೊಡು. ನಿಮ್ಮಪ್ಪನ್ನ ಮುಂದಿಡೂಣು’ ಅಂದ.

ಬರೆದೆ. ಖರ್ಚಿನ ಕಡೆ ಸುಲಭ. 2019ರ ಹೂಳು 18,000, ಮೋಟರು ಸುಟ್ಟಿದ್ದು ಎರಡು ಸಲ, ಗೋಡೆ ಕುಸಿದಲ್ಲಿ ಕಲ್ಲು ಕಟ್ಟಿಸಿದ್ದು. ಆಸ್ತಿಯ ಬೆಲೆ ಸವಕಳಿ ಹಿಡಿಯುತ್ತ ಬಂದರೆ ಎಂದೋ ಸೊನ್ನೆ. ಮುಚ್ಚಿದರೆ ಬರುವ ಮೂರು ಗುಂಟೆಯ ಕಿಮ್ಮತ್ತು ಲಕ್ಷಗಳಲ್ಲಿ. ಪುಸ್ತಕದ ಪ್ರಕಾರ ಉತ್ತರ ಒಂದೇ, ಯಾವ ಪರೀಕ್ಷಕನೂ ತಪ್ಪು ಅನ್ನಲಾರ.

ಆದರೆ ಜಮಾದ ಕಡೆ ಏನು ಬರೆಯಲಿ? 2018ರಲ್ಲಿ ಆ ಹೆಣ್ಣಾಳುಗಳು ಕುಡಿಯದೆ ಉಳಿದ ನೀರಿಗೆ ಎಷ್ಟು? 61 ಮೀನಿಗೆ ಎಷ್ಟು? ಬೋರಿನಲ್ಲಿ ಯಾರು ಪಂಪು ತೊಳೆದರೂ ತೊಳೆಯದಿದ್ದರೂ ಕಣ್ಣಿಗೆ ಕಾಣುವುದಿಲ್ಲ. ಕೊಳವೆಯಿಂದ ಬರುವ ನೀರಿಗೆ ಸಾಕ್ಷಿ ಇಲ್ಲ. ನೀರು ಎಷ್ಟಿದೆ ಅಂತಲೂ ಕಾಣುವುದಿಲ್ಲ, ಒಂದು ದಿನ ಗಾಳಿ ಬಂದಾಗಲೇ ಮುಗಿದದ್ದು ಗೊತ್ತಾಗುವುದು. ಬಾವಿಯಲ್ಲಾದರೆ ಪಾವಟಿಗೆ ಎಣಿಸಬಹುದು. ಎಂಟನೇ ಪಾವಟಿಗೆ ಕಂಡರೆ ಕಬ್ಬಿಗೆ ಬಿಡಬೇಡ, ಹತ್ತನೆಯದು ಕಂಡರೆ ದನಕ್ಕೆ ಮಾತ್ರ, ಹೀಗೆ ಅಜ್ಜನ ಕಾನೂನುಗಳಿದ್ದವು. ಇವನ್ನೆಲ್ಲ ಬೇರೆ ಹಾಳೆಯಲ್ಲಿ, ಅಂಕಿ ಇಲ್ಲದೆ, ಬರೀ ಮಾತಿನಲ್ಲಿ ಬರೆದು ಮೊದಲ ಹಾಳೆಗೆ ಹೊಲಿದು ಕೊಟ್ಟೆ. ಕಾಮರ್ಸಿನಲ್ಲಿ ಇದಕ್ಕೆ ಟಿಪ್ಪಣಿ ಅನ್ನುತ್ತಾರೆ, ತಾಳೆಪಟ್ಟಿಯ ಕೆಳಗೆ ಇರುತ್ತದೆ, ಓದುವವರು ಕಡಿಮೆ.

ಕಾಕಾ ಓದಿದ. ಎರಡನೇ ಹಾಳೆಯನ್ನೂ ಓದಿದ. ‘ಅಜ್ಜನ್ನ ಬರದೀಯಲ್ಲೋ’ ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆದ್ರ ಮನಿ ಎಲ್ಲಿ ಕಟ್ಟಲಿ?’ ಅಂತ ಕೇಳಿದ. ನಾನು, ‘ಕಾಕಾ, ರಸ್ತೆ ಬದಿಗೆ ನಮ್ಮ ಪಾಲಿನಾಗೂ ಮೂರು ಗುಂಟೆ ಐತ್ರಿ. ಅಪ್ಪನ್ನ ಕೇಳಿ ನೋಡ್ರಿ’ ಅಂದೆ. ಅಪ್ಪನನ್ನು ನಾನು ಮೊದಲೇ ಕೇಳಿರಲಿಲ್ಲ. ಅಪ್ಪ ಆ ರಾತ್ರಿ ಊಟಕ್ಕೆ ಕೂತಾಗ ನನ್ನನ್ನು ನೋಡಿದ ರೀತಿ ಬೇರೆಯೇ ಒಂದು ಪ್ರಬಂಧ.

ಮಾತು ಇನ್ನೂ ನಡೆದಿದೆ. ಅಪ್ಪ ಎರಡು ಗುಂಟೆ ಅನ್ನುತ್ತಿದ್ದಾನೆ, ಕಾಕಾ ಮೂರು. ಅತ್ತೆ ಬಾವಿಯ ಪರ. ಕಾರಣ ಕೇಳಿದರೆ, ‘ನಾ ಈಜು ಕಲ್ತದ್ದ ಅದರಾಗ’ ಅಂತಾಳೆ. ಬೇಸಿಗೆಯಲ್ಲಿ ನೀರು ಇಳಿದಾಗ ಹೂಳು ತೆಗೆಸುವ ಖರ್ಚಿನಲ್ಲಿ ತನ್ನ ಪಾಲು ಕೊಡುತ್ತೇನೆ ಅಂತ ಹೇಳಿ ಕಳಿಸಿದ್ದಾಳೆ. ಈ ಸಲ ಊರಿಗೆ ಹೋದಾಗ ಬಾವಿಗೆ ಇಳಿದಿದ್ದೆ. ಏಳನೇ ಪಾವಟಿಗೆಯವರೆಗೆ ನೀರಿತ್ತು. ರೊಟ್ಟಿಯ ಚೂರು ಹಾಕಿದೆ. ಬಂದವು.